ಮರಿಸಿದ್ದಮ್ಮನ ಸ್ಟಾಪು

ಸುಂಕದಕಟ್ಟೆಯ ಈ ತಿರುವಿನಲ್ಲಿ ಬೋರ್ಡಿಲ್ಲ, ಬೆಂಚಿಲ್ಲ.
ಮೆಟ್ರೋದವರು ತಗಡು ಹೊಡೆದ ರಾತ್ರಿ
ಕಂಬ ಸಮೇತ ಕಿತ್ತೊಯ್ದರು.
‘ಸ್ಟಾಪು ಇನ್ನು ಪೆಟ್ರೋಲ್ ಬಂಕಿನಾಚೆ’ ಅಂತ
ಯಾರೋ ಸುಣ್ಣದಲ್ಲಿ ಗೀಚಿದ್ದರು, ಮಳೆಗೆ ಹೋಯ್ತು.

ನಾವು ಮಾತ್ರ ಇಲ್ಲೇ ನಿಂತೆವು.
ಮುಂದೆ ಮರಿಸಿದ್ದಮ್ಮ,
ಬಿಸಿಲಿರಲಿ ಬಿಡಲಿ ಹಸಿರು ಕೊಡೆ ಬಿಚ್ಚಿ;
ಹಿಂದೆ ಗಾರ್ಮೆಂಟ್ಸಿನ ಹದಿನಾಲ್ಕು ಜನ,
ಕೈಯಲ್ಲಿ ಡಬ್ಬಿ, ಬಾಯಲ್ಲಿ ಹೇರ್‌ಪಿನ್ನು.
ಏಳೂ ಹತ್ತರ ಡ್ರೈವರ್ ನಬೀಸಾಬ್
ಕೊಡೆ ಕಂಡಲ್ಲಿ ಬ್ರೇಕ್ ಒತ್ತುತ್ತಿದ್ದ.
ಅಷ್ಟೇ ನಮ್ಮ ಸ್ಟಾಪು.

ಕಾರ್ತೀಕದಲ್ಲಿ ಅವಳ ಮಂಡಿ ಕೈಕೊಟ್ಟಿತು.
ಮಂಗಳವಾರ ಬಸ್ಸು ನಮ್ಮೆದುರೇ ಹಾದುಹೋಯಿತು,
ಗಾಜಿನೊಳಗೆ ನಬೀಸಾಬ್ ಯಾರನ್ನೋ ಹುಡುಕುತ್ತಿದ್ದ.
ಹದಿನಾಲ್ಕು ಜನಕ್ಕೂ ಅರ್ಧ ದಿನದ ಸಂಬಳ ಕಟ್.

ಸಂಜೆ ಅವಳ ಮನೆಗೆ ಹೋದೆವು, ಮೋಸಂಬಿ ಹಿಡಿದು.
ಹಣ್ಣಿನ ಕಡೆ ನೋಡಲಿಲ್ಲ ಅವಳು,
ಬಾಗಿಲ ಹಿಂದಿನ ಮೊಳೆ ತೋರಿಸಿದಳು:
‘ಒಂದು ಕಡ್ಡಿ ಮುರಿದಿದೆ, ಜೋಪಾನ.’

ಈ ವಾರ ನನ್ನ ಸರದಿ.
ಮೋಡವಿಲ್ಲ, ಬಿಸಿಲಿನ್ನೂ ಎದ್ದಿಲ್ಲ,
ಬೈಕಿನವರು ನೋಡಿ ನಗುತ್ತಾರೆ.
ಮುರಿದ ಕಡ್ಡಿ ಕಿವಿಗೆ ತಾಗುತ್ತದೆ, ತೋಳು ಸೋತಿದೆ.
ತಗಡಿನ ಕೊನೆಯಲ್ಲಿ ಯಾವುದೋ ಬಸ್ಸು,
ಹಣೆಯ ನಂಬರು ಓದಲಾಗುತ್ತಿಲ್ಲ.
ಇರಲಿ ಅಂತ
ಇನ್ನಷ್ಟು ಮೇಲೆತ್ತುತ್ತೇನೆ.