ಹೋಲಿಕೆಗೆ ಬಂದವನು

ಎಂಟುನೂರ ತೊಂಬತ್ತು ಗ್ರಾಂ.
ಅಮ್ಮ ಇಂದಿಗೂ ಅಂಗಡಿಯಲ್ಲಿ ಒಂದು ಕಿಲೋ ಹಿಟ್ಟು ಎತ್ತಿ
"ಇದಕ್ಕಿಂತ ಒಂದು ಹಿಡಿ ಕಡಿಮೆ ಇದ್ದೆ" ಅನ್ನುತ್ತಾಳೆ,
ಬಿಲ್ಲು ಹಾಕುವ ಹುಡುಗನಿಗೂ ಕೇಳುವ ಹಾಗೆ.

ಅದೇ ವಾರ, ಅದೇ ಟ್ರೊಂಡ್‌ಹೈಮಿನ ಅದೇ ಆಸ್ಪತ್ರೆಯಲ್ಲಿ
ಮೂರು ಮುಕ್ಕಾಲು ಕಿಲೋ ಸ್ಯೂರ್ ಹುಟ್ಟಿದ.
ಓಣಿಗೆಲ್ಲ ಕೇಳುವಂತೆ ಅತ್ತನಂತೆ. ನನಗೆ ಅಳುವಷ್ಟು ಉಸಿರಿರಲಿಲ್ಲ;
ಗಾಜಿನ ಪೆಟ್ಟಿಗೆಯೇ ನನ್ನ ಪರವಾಗಿ ಕೀ ಕೀ ಎನ್ನುತ್ತಿತ್ತು.

ಅಂದಿನಿಂದ ನಾವಿಬ್ಬರೂ ಒಂದೇ ಪಟ್ಟಿಯ ಎರಡು ಕಡೆ.
ಹದಿನಾಲ್ಕಕ್ಕೆ, ಹತ್ತೊಂಬತ್ತಕ್ಕೆ, ಇಪ್ಪತ್ತಾರಕ್ಕೆ,
ಈಗ ಮೂವತ್ತೆಂಟಕ್ಕೆ ಪತ್ರ ಬಂದಿದೆ:
ದಯವಿಟ್ಟು ಬನ್ನಿ, ಲೋಹದ ಒಡವೆ ಬೇಡ.

ಸುರಂಗದೊಳಗೆ ಮಲಗುತ್ತೇನೆ. ಯಂತ್ರ ಬಡಿಯುತ್ತದೆ
ಹಡಗುಕಟ್ಟೆಯಲ್ಲಿ ತುಕ್ಕು ಕೆರೆಯುವ ಸುತ್ತಿಗೆಯ ಹಾಗೆ.
ಆಮೇಲೆ ಡಾಕ್ಟರ್ ಗುರೋ ಪರದೆ ತಿರುಗಿಸಿ ತೋರಿಸುತ್ತಾಳೆ:
ಇಲ್ಲಿ ತೊಗಟೆ ತುಸು ತೆಳು. ಇಲ್ಲಿ ನೀರಿನ ಕೋಣೆ ದೊಡ್ಡದು.
ಎಡಬಲ ಬೆಸೆಯುವ ಈ ಸೇತುವೆ, ಅವಳ ಬೆರಳು ಅಲ್ಲೇ ನಿಲ್ಲುತ್ತದೆ,
ಹಿಂಬದಿಯಲ್ಲಿ ಸಪೂರ.
ಮಿದುಳು ಕತ್ತಲಲ್ಲಿ ತನ್ನ ಮಡಿಕೆಗಳನ್ನು ಮಡಚಿಕೊಳ್ಳುವ
ಕೊನೆಯ ಹನ್ನೊಂದು ವಾರ,
ನನ್ನದು ಟ್ಯೂಬ್‌ಲೈಟಿನ ಕೆಳಗೆ, ಪರರ ಕೈಗಳ ನಡುವೆ
ಅವಸರದಲ್ಲಿ ಮಡಚಿಕೊಂಡಿತು.
"ಒಬ್ಬರನ್ನು ಹಿಡಿದು ಹೇಳಲಾಗದು, ಓಡ್ನಿ. ಇದು ಸರಾಸರಿಯ ಮಾತು."

ಸರಾಸರಿ ನನ್ನ ಮನೆಗೆ ಬಂದು ನೋಡಲಿ.
ಚಹಾ ಸುರಿಯುವಾಗ ಬಟ್ಟಲು ಎರಡು ಬೆರಳು ಆಚೆ ಇರುತ್ತದೆ.
ನಕಾಶೆಯನ್ನು ತಿರುಗಿಸಬೇಕು, ಜೊತೆಗೆ ನಾನೂ ತಿರುಗಬೇಕು.
ಮೂವರು ಒಟ್ಟಿಗೆ ಮಾತಾಡಿದರೆ ಯಾರ ಮಾತೂ ನನ್ನವರೆಗೆ ಬರುವುದಿಲ್ಲ.
ಇದೆಲ್ಲ ನನ್ನ ಸ್ವಭಾವ ಅಂದುಕೊಂಡಿದ್ದೆ.
ಇರಬಹುದು. ಸ್ವಭಾವಕ್ಕೂ ಇರಲು ಒಂದು ಜಾಗ ಬೇಕಲ್ಲ.

ಮೊದಮೊದಲು ಸ್ಯೂರ್‌ನನ್ನು ಕಂಡರೆ ಮೈ ಉರಿಯುತ್ತಿತ್ತು.
ಪರೀಕ್ಷೆಯ ಮರದ ತುಂಡುಗಳನ್ನು ನಿಮಿಷದಲ್ಲಿ ಜೋಡಿಸಿ
ಕಿಟಕಿಯಾಚೆ ನಿದೆಲ್ವಾ ಹೊಳೆ ನೋಡುತ್ತ ಕೂರುತ್ತಿದ್ದ.
ನಾನು ಎಷ್ಟು ಕಡಿಮೆ ಎಂದು ತಿಳಿಯಲು
ಅವನು ಬೇಕಿತ್ತು.

ಈ ಸಲ ಗಡ್ಡ ನರೆತಿದೆ. ವಿಚ್ಛೇದನವಾಯಿತಂತೆ.
ಕಾಫಿ ಯಂತ್ರದ ಮುಂದೆ ನಿಂತು ಹೇಳಿದ:
"ನಿನ್ನನ್ನು ಬದುಕಿಸಿದರು. ನನ್ನನ್ನು ಯಾಕೆ ಕರೆಯುತ್ತಾರೆ, ಗೊತ್ತೆ?
ಏನೂ ಆಗದವನು ಅಂತ."
ಕಪ್ ಹಿಡಿದ ಕೈ ನಡುಗುತ್ತಿತ್ತು.

ಅದರ ಕೆಳಗೆ ನನ್ನ ಕೈ ಚಾಚಿದೆ.
ಎರಡು ಬೆರಳು ತಪ್ಪಿತು.
ಇನ್ನೊಮ್ಮೆ ಚಾಚಿದೆ.