ಎರಡನೇ ಅವಧಿ: ನಡಾವಳಿ ಬರೆಯುವುದು

ಸೊರಬದ ತರಬೇತಿ ಕೇಂದ್ರದಲ್ಲಿ
ಫ್ಯಾನು ಮೂರು, ತಿರುಗುವುದು ಒಂದು.
ಅದರ ಕೆಳಗಿನ ಕುರ್ಚಿ ಹಿಡಿಯಲು
ಉಳವಿಯಿಂದ, ಜಡೆಯಿಂದ, ಆನವಟ್ಟಿಯಿಂದ
ಮೊದಲ ಬಸ್ಸಿಗೇ ಬಂದಿದ್ದೇವೆ
ಕರ ವಸೂಲಿಗಾರರು, ಗುಮಾಸ್ತರು,
ಕಂಪ್ಯೂಟರಿನ ಹುಡುಗಿಯರು.
ಎಲ್ಲರ ಕೊರಳಲ್ಲೂ ದಾರಕ್ಕೆ ಕಟ್ಟಿದ ಹೆಸರು.
ನಾನು ಟೀಕಪ್ಪ; ಅಚ್ಚಾದದ್ದು ಟಿಕಪ್ಪ.
ಇಪ್ಪತ್ತೊಂದು ವರ್ಷ ಕಂದಾಯದ ರಸೀದಿಯಲ್ಲಿ
ಊರವರ ಹೆಸರಿಗೆಲ್ಲ ದೀರ್ಘ ಕೊಟ್ಟವನಿಗೆ
ಒಂದು ದೀರ್ಘ ಬಾಕಿ.

ಕಲಿಸುವವರು ಫಿಲೋಮಿನಾ ಮೇಡಂ.
ನಿವೃತ್ತಿಯಾಗಿ ಆರು ವರ್ಷ,
ಕೆಂಪು ಇಂಕಿನ ಪೆನ್ನು ಮಾತ್ರ ಇನ್ನೂ ಸೇವೆಯಲ್ಲಿದೆ.
"ನಿಮ್ಮ ಪಂಚಾಯ್ತಿಯ ಒಂದು ಠರಾವು
ನೆನಪಿನಿಂದ ಬರೆಯಿರಿ" ಅಂದರು.
ಬರೆದುಕೊಟ್ಟೆವು.
ಒಂದೊಂದೇ ಹಾಳೆ ತಿರುವಿ ಗಟ್ಟಿಯಾಗಿ ಓದಿದರು.
ಮೂವತ್ತೆರಡು ಕೈಬರಹ, ಒಂದೇ ಸಾಲು:
'ಕೂಲಂಕಷವಾಗಿ ಚರ್ಚಿಸಿ
ಸರ್ವಾನುಮತದಿಂದ ತೀರ್ಮಾನಿಸಲಾಯಿತು.'
"ಏನ್ರೀ, ಇಡೀ ತಾಲ್ಲೂಕಿನಲ್ಲಿ
ಬೇಡ ಅನ್ನುವವರು ಒಬ್ಬರೂ ಹುಟ್ಟಲಿಲ್ಲವಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ.
ಆಮೇಲೆ ಗುತ್ಯಮ್ಮ ನೆನಪಾದಳು.

ನಮ್ಮಲ್ಲಿ ರೂಢಿ ಹೀಗೆ:
ಮೊದಲು ಸಹಿ, ಆಮೇಲೆ ಟೀ, ಆಮೇಲೆ ಸಭೆ.
ಬರೆಯುವುದು ಎಲ್ಲರೂ ಬಸ್ಸು ಹತ್ತಿದ ಮೇಲೆ.
ಖಾಲಿ ಹಾಳೆಯ ಬುಡದಲ್ಲಿ ಹನ್ನೊಂದು ಸಹಿ
ಮೇಲೆ ಏನು ಬಂದರೂ ಸರಿ ಅಂತ
ಕೂತಿರುತ್ತವೆ.
ಗುತ್ಯಮ್ಮನ ಸಹಿ ಮೂರೇ ಅಕ್ಷರ;
ನಡುವಿನದರ ಒತ್ತು ಮಾತ್ರ ಪ್ರತಿಸಲ
ಕೆಳಗಿನವರ ಗೆರೆಗೆ ಇಳಿಯುತ್ತದೆ.

ಅವತ್ತು ಕಸದ ಘಟಕದ ವಿಷಯ.
ಬಾಗಿಲ ಹತ್ತಿರದ ಕುರ್ಚಿಯಿಂದ ಎದ್ದು ನಿಂತಳು:
"ನಮ್ ಕೇರಿ ಬಾಗ್ಲಿಗೇ ಯಾಕ್ ತರ್ತೀರಿ?
ಹುಡ್ರು ಅದೇ ದಾರೀಲಿ ಸಾಲಿಗ್ ಹೋಗಾದು.
ನಂಗೆ ಒಪ್ಗೆ ಇಲ್ಲ. ಬರ್ಕಳಿ."
ಬರ್ಕಳಿ ಅಂದದ್ದು ನನಗೆ,
ನನ್ನ ಕಡೆಗೇ ತಿರುಗಿ.
ಅಧ್ಯಕ್ಷರು ಕೆಮ್ಮಿದರು. ಪಿಡಿಒ ನನ್ನ ಮುಖ ನೋಡಿದರು.
ಪೆನ್ನಿನ ಕ್ಯಾಪು ಬಿದ್ದವನ ಹಾಗೆ
ನಾನು ಮೇಜಿನ ಕೆಳಗೆ ಬಗ್ಗಿದೆ.
ಕ್ಯಾಪು ಪೆನ್ನಿನಲ್ಲೇ ಇತ್ತು.
ಸಂಜೆ ಬರೆದೆ: ಕೂಲಂಕಷವಾಗಿ. ಸರ್ವಾನುಮತದಿಂದ.
ಅಕ್ಷರ ದುಂಡಗಿದೆ ಅಂದರು ಪಿಡಿಒ.

"ಬೇಡ ಅಂದವರ ಹೆಸರು ಬರೆಯಬೇಕು,
ಯಾಕೆ ಬೇಡ ಅಂದರು ಅದನ್ನೂ.
ಆದಷ್ಟು ಅವರದೇ ಮಾತಿನಲ್ಲಿ" ಅಂದರು ಮೇಡಂ.
"ಇದೆಲ್ಲ ಎಲ್ಲಿದೆ ಮೇಡಂ?" ಅಂತ ಜಡೆಯ ಗುಮಾಸ್ತ.
ಕೈಪಿಡಿಯ ಪುಟ ತೋರಿಸಿದರು.
ಆ ಕೈಪಿಡಿ ನನ್ನ ಚೀಲದಲ್ಲೂ ಇತ್ತು,
ಬುತ್ತಿ ಡಬ್ಬಿಯ ಕೆಳಗೆ.
ಹಿಂದಿನ ತರಬೇತಿಯಲ್ಲಿ ಕೊಟ್ಟದ್ದು,
ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡೇ ಇದ್ದವು.

ಮಧ್ಯಾಹ್ನ ಚಿತ್ರಾನ್ನ, ಆಮೇಲೆ ಪರೀಕ್ಷೆ, ಐವತ್ತಕ್ಕೆ.
ಕೋರಂ ಬರೆದೆ, ನೋಟೀಸಿನ ದಿನ ಬರೆದೆ.
ಕೊನೆಯ ಪ್ರಶ್ನೆ: ನಡಾವಳಿ ಪುಸ್ತಕ ಯಾರದು?
'ಪಂಚಾಯ್ತಿಯದು' ಅಂತ ಬರೆದದ್ದಕ್ಕೆ
ಅರ್ಧ ಅಂಕ,
ಪಕ್ಕದಲ್ಲಿ ಕೆಂಪು ಪ್ರಶ್ನಾರ್ಥಕ.
ಉಳಿದರ್ಧ ಯಾರದೆಂದು ಕೇಳೋಣವೆಂದರೆ
ಮೇಡಂ ಶಿವಮೊಗ್ಗದ ಬಸ್ಸಿಗೆ ಹೊರಟಾಗಿತ್ತು.

ಪ್ರಮಾಣಪತ್ರದಲ್ಲೂ ಟಿಕಪ್ಪನೇ.
ಬಸ್ ಸ್ಟ್ಯಾಂಡಿನಲ್ಲಿ ಕೂತು ನಾನೇ ದೀರ್ಘ ಎಳೆದೆ.
ತಿದ್ದಿದ ಕಡೆ ಕಿರುಸಹಿ ಹಾಕಬೇಕು
ಅಂತ ಬೆಳಿಗ್ಗೆ ತಾನೇ ಹೇಳಿಕೊಟ್ಟಿದ್ದರು;
ಹಾಕಿದೆ.

ಆ ಹಳೆಯ ಪುಟ ತಿದ್ದಲು ಬರುವುದಿಲ್ಲ.
ಮುಂದಿನ ಸಭೆ ಅದನ್ನು ಓದಿ ದೃಢೀಕರಿಸಿದೆ,
ಅದೂ ಸರ್ವಾನುಮತದಿಂದ.
ಘಟಕಕ್ಕೆ ತಗಡು ಹೊದೆಸಿ ಆಯಿತು.
ಹುಡುಗರು ಮೂಗು ಹಿಡಿದು ಓಡುತ್ತಾರೆ.

ಈ ತಿಂಗಳ ಸಭೆಯಲ್ಲಿ ಪುಸ್ತಕ ನನ್ನ ಕೈಯಲ್ಲೇ ಹಿಡಿದುಕೊಂಡೆ.
"ಸಹಿ ಆಮೇಲೆ" ಅಂದೆ. ದನಿ ಸ್ವಲ್ಪ ನಡುಗಿತು.
"ಓಹೋ, ಸೊರಬಕ್ಕೆ ಹೋಗಿ ಬಂದಿದಾರೆ"
ಅಂತ ಯಾರೋ. ಟೀ ಆರುತ್ತಿತ್ತು.
ಬೀದಿ ದೀಪದ ವಿಷಯ ಬಂತು, ಹೋಯಿತು.
ಗುತ್ಯಮ್ಮ ಸೆರಗಿನ ಅಂಚು ನೋಡುತ್ತ ಕೂತಿದ್ದಳು.
ಅವಳು ಏನೂ ಅನ್ನಲಿಲ್ಲ.
ನಾನು ಪೆನ್ನು ಬಿಚ್ಚಿಕೊಂಡು ಕೂತಿದ್ದೆ.
ಕ್ಯಾಪು ಮೇಜಿನ ಮೇಲಿತ್ತು,
ಬಾಗಿಲ ಹತ್ತಿರದ ಕುರ್ಚಿಗೂ ಕಾಣುವ ಹಾಗೆ.