ದುಂಡು ಸೊನ್ನೆ

ಭಾನುವಾರ ಬಾಗಲೂರು ರಸ್ತೆಯ ಗೆಸ್ಟ್ ಹೌಸಿನಲ್ಲಿ
ಒಲೆಗೆ ರಜೆ, ನನಗಲ್ಲ.
ಕುರಿಹಾರಾ ಸಾರ್ ಹಿಂದಿನ ಸಂಜೆ ಬೆಂಗಳೂರಿಗೆ ಹೋಗಿ
ತಮ್ಮ ದೇಶದವರ ಬೇಕರಿಯಿಂದ ತಂದ ಕಾಗದದ ಚೀಲ
ಮೇಜಿನ ಮೇಲೆ ಕೂತಿರುತ್ತದೆ
ಹೆಣ್ಣು ನೋಡಲು ಬಂದವರ ಹಾಗೆ.

ಮೊದಲ ದಿನ ಅವರ ಹೆಸರು ಕೇಳಿ ನಕ್ಕುಬಿಟ್ಟಿದ್ದೆ.
ಡೆಂಕಣಿಕೋಟೆಯ ಕಾಡಂಚಿನಲ್ಲಿ ನಮ್ಮಪ್ಪ ಕಾದದ್ದು ಕುರಿಯೇ.
ಅವರ ಕುರಿ ಮರದಲ್ಲಿ ಬಿಡುವ ಕಾಯಂತೆ,
ಮೈತುಂಬ ಮುಳ್ಳಂತೆ, ಸುಟ್ಟು ತಿನ್ನುತ್ತಾರಂತೆ.
ನಾವೂ ಸುಟ್ಟೇ ತಿನ್ನೋದು ಸಾರ್ ಎಂದೆ.
ತಿಳಿಯಲಿಲ್ಲ. ನಮ್ಮಿಬ್ಬರ ನಡುವೆ ಇದ್ದದ್ದು ನಲವತ್ತು ಮಾತು,
ಅರ್ಧ ತಮಿಳು, ಕಾಲು ಇಂಗ್ಲಿಷು, ಉಳಿದದ್ದು ಕೈಸನ್ನೆ.

ಫ್ಯಾಕ್ಟರಿಯಲ್ಲಿ ಅವರದು ತಪಾಸಣೆಯ ಕೆಲಸ.
ಬನ್ನನ್ನೂ ಹಾಗೇ ನೋಡುತ್ತಾರೆ,
ಮಗುಚಿ, ಬುಡ ತಟ್ಟಿ, ಕಿವಿಗೊಟ್ಟು.
ಚಾಕುವಿನಲ್ಲಿ ನಾಲ್ಕು ಭಾಗ, ಒಂದು ನನ್ನ ಕಡೆಗೆ.
ಪಕ್ಕದಲ್ಲಿ ಗೆರೆಯ ಪುಸ್ತಕ, ಮೊನಚು ಪೆನ್ಸಿಲ್ಲು.

ಮೆಲೋನ್ ಪಾನ್. ಮೇಲೆಲ್ಲ ಕರಬೂಜದ ಗೀರು,
ಕಚ್ಚಿದರೆ ಗರಿ ಗರಿ ಸಕ್ಕರೆ, ಆಮೇಲೆ ಬರೀ ಬ್ರೆಡ್ಡು.
ಕರಬೂಜ ಎಲ್ಲಿ ಎಂದೆ. ಇಲ್ಲವೇ ಇಲ್ಲ ಎಂದು ಕೈಯಾಡಿಸಿದರು.
ಇರಲಿ, ದಿಲ್‌ಪಸಂದ್‌ನಲ್ಲಿ ಯಾರ ದಿಲ್ ಇದೆ?

ಕರಿ ಪಾನ್. ಎಣ್ಣೆಯಲ್ಲಿ ಬೆಂದ ಒಡಲು,
ಒಳಗೆ ಹಿಟ್ಟು ಕದಡಿದ ಸಿಹಿ ಸಾರು.
ಇದು ನಿಮ್ಮದು ಎಂದರು. ನಮ್ಮದಲ್ಲ ಎಂದೆ.
ಯಾರದೂ ಅಲ್ಲದ್ದನ್ನು ಇಬ್ಬರೂ ಸೇರಿ ಮುಗಿಸಿದೆವು.

ಆಮೇಲೆ ಆನ್ ಪಾನ್.
ಕೆಂಪು ಕಾಳು ಬೇಯಿಸಿ, ರುಬ್ಬಿ, ಸಿಹಿ ಬೆರೆಸಿ...
ನಾಲಗೆ ಅಲ್ಲೇ ನಿಂತಿತು.
ಹೂರಣ! ಏಲಕ್ಕಿ ಮರೆತ ಹೂರಣ,
ಹಬ್ಬ ಯಾವತ್ತೆಂದು ತಿಳಿಯದ ಮನೆಯಲ್ಲಿ
ಯಾರೋ ಅಂದಾಜಿಗೆ ಮಾಡಿದ ಹಾಗೆ.

ಮರುವಾರ ನಾನು ಒಬ್ಬಟ್ಟು ಒಯ್ದೆ,
ಬಾಳೆಲೆಯಲ್ಲಿ ಸುತ್ತಿ, ತುಪ್ಪ ಬೇರೆ.
ತಿರುವಿ ನೋಡಿದರು, ಮೂಸಿದರು, ತಿಂದರು,
ತುಟಿ ಪಿಟ್ಟೆನ್ನಲಿಲ್ಲ.
ಪೆನ್ಸಿಲ್ ತೆಗೆದು ಪುಸ್ತಕದಲ್ಲಿ
ಒಂದು ಸೊನ್ನೆ.
ದುಂಡಗೆ. ಕೈ ನಡುಗದೆ.

ಆ ಸೊನ್ನೆಯ ಪರಿಚಯ ನನಗಿತ್ತು.
ಮತ್ತಿಗಿರಿ ಶಾಲೆಯ ಮೂರನೇ ಕ್ಲಾಸು,
ಕನ್ನಡದ ಮೇಷ್ಟ್ರಿಗೆ ವರ್ಗವಾಗಿ
ಉಳಿದ ಏಳು ಮಕ್ಕಳನ್ನು ತಮಿಳಿನ ಕೋಣೆಗೆ ಅಟ್ಟಿದ್ದರು.
ಉಕ್ತಲೇಖನ, ಹತ್ತು ಪದ.
ಕೇಳಿದರೆ ಮರ, ಅಮ್ಮ, ಎಲ್ಲ ನಮ್ಮವೇ;
ಬರೆಯಹೋದರೆ ಪರರ ಮನೆ ಬೀಗ.
ಕೆಂಪು ಶಾಯಿಯಲ್ಲಿ ಇಂಥದೇ ಒಂದು.
ಓದು ಬಾರದ ಅವ್ವ ಸ್ಲೇಟಿನಷ್ಟು ದೂರ ಹಿಡಿದು ನೋಡಿ
ಎಷ್ಟು ದುಂಡಗೆ ಬರ್ದಿದ್ದೀಯೇ ಎಂದಿದ್ದಳು.

ಬಸ್ಸಿನಲ್ಲಿ ಯಾರ ಜೊತೆಗೂ ಮಾತಾಡಲಿಲ್ಲ.
ಬೇಳೆ ಬೆಂದಿತ್ತು. ಕಣಕ ಮೃದುವಿತ್ತು.
ತಪ್ಪು ಎಲ್ಲಿ?

ಮುಂದಿನ ಭಾನುವಾರ ಕೇಳಿಯೇಬಿಟ್ಟೆ, ಬೆರಳಿಟ್ಟು.
ಅವರಿಗೆ ಗಾಬರಿ. ಮಾರು, ಮಾರು ಎಂದರು.
ಏನು ಮಾರಲಿ ಸಾರ್?
ಹೊಸ ಹಾಳೆಯಲ್ಲಿ ಬರೆದು ತೋರಿಸಿದರು:
ಅಡ್ಡಗೀಟು, ಮುಖ ಸಿಂಡರಿಸಿದರು.
ತ್ರಿಕೋನ, ಕೈ ಅತ್ತಿತ್ತ.
ಸೊನ್ನೆ,
ಎದ್ದು ನಿಂತು ಚಪ್ಪಾಳೆ ತಟ್ಟಿದರು.
ಹಿಂದಿನ ಹಾಳೆಗಳನ್ನು ತಿರುವಿದೆ.
ವರ್ಷವಿಡೀ ತಂದ ಬನ್ನುಗಳ ಮುಂದೆ
ತ್ರಿಕೋನ, ತ್ರಿಕೋನ, ಅವರ ಆನ್ ಪಾನಿಗೂ ತ್ರಿಕೋನ.

ಮಾಡಿದವರ ಹೆಸರು ಬೇಕು ಎಂದರು.
ರೇಷನ್ ಕಾರ್ಡಿನಲ್ಲಿ ನಾನು ಲಿಂಗಮ್ಮಾಳ್,
ಅವರ ಬಾಯಲ್ಲಿ ರಿಂಗಮ್ಮಾ ಸಾನ್.
ಪೆನ್ಸಿಲ್ ನಾನೇ ತೆಗೆದುಕೊಂಡೆ,
ಎಷ್ಟು ವರ್ಷವಾಗಿತ್ತೋ,
ಲಿ ಬರೆದು, ಪಕ್ಕದಲ್ಲಿ ಒಂದು...
ಸಾರ್ ಬಗ್ಗಿದರು. ಬೆರಳು ಅದರ ಮೇಲೆ.
ಮಾರು?
ಸೊನ್ನೆ ಸಾರ್, ಎಂದೆ. ನಮ್ಮಲ್ಲಿ ಅದೂ ಒಂದು ಅಕ್ಷರ.
ತಲೆಯಾಡಿಸಿ ಆ ಮಾತನ್ನೂ ಬರೆದುಕೊಂಡರು
ತಮ್ಮ ಲಿಪಿಯಲ್ಲಿ, ಒಬ್ಬಟ್ಟಿನ ಕೆಳಗೆ,
ತುಪ್ಪದ ಬೆರಳಚ್ಚು ಬಿದ್ದ ಕಡೆ.